ಬೀಗದಕೈ ಯಾರ ಬಳಿ?

ಪಶ್ಚಿಮಘಟ್ಟದ ರಸ್ತೆಗಳಲ್ಲಿ ಸಂಚರಿಸುವ ಪ್ರವಾಸಿಯ ಬಗೆಗೆ ಬರೆದವರಲ್ಲಿ ಹೆಚ್ಚಿನವರು ಆತನ ಕಣ್ಣಿಗೆ ಏನೇನು ಬೇಕೆಂಬುದನ್ನು ಸವಿಸ್ತಾರವಾಗಿ ವರ್ಣಿಸಿದ್ದಾರೆಯೇ ಹೊರತು, ಕಣ್ಣನ್ನು ಬಿಟ್ಟು ಉಳಿದ ದೇಹಕ್ಕೆ ಏನು ಬೇಕೆಂಬುದನ್ನು ಅಷ್ಟಾಗಿ ವಿಚಾರಿಸಿದವರಲ್ಲ. ಆಗುಂಬೆಯ ಸೂರ್ಯಾಸ್ತ ಮೋಡವಿಲ್ಲದ ದಿನದಲ್ಲಿಯೂ ಕೆಲವೇ ನಿಮಿಷಗಳ ನೋಟ. ಅದನ್ನು ಕಾಣಲು ಶಿವಮೊಗ್ಗೆಯಿಂದಲೋ ಉಡುಪಿಯಿಂದಲೋ ಹೊರಟ ಕುಟುಂಬ ದಾರಿಯಲ್ಲಿ ಕಳೆಯುವ ಹೊತ್ತು ಅದರ ಎಷ್ಟೋ ಪಾಲು ಹೆಚ್ಚು, ಮತ್ತು ಆ ಹೊತ್ತಿನಲ್ಲಿ ಕುಡಿಯುವ ನೀರು, ಶೌಚಾಲಯ, ಮಳೆ ಹೊಡೆದರೆ ನಿಲ್ಲಲು ಒಂದು ಸೂರು, ವಯಸ್ಸಾದವರು ಕೂರಲು ಒಂದು ಕಟ್ಟೆ, ತಿರುವಿನಿಂದ ದೂರದಲ್ಲಿ ವಾಹನ ನಿಲ್ಲಿಸಲು ಒಂದಿಷ್ಟು ಜಾಗ, ದಾರಿ ಕೇಳಿದರೆ ಹೇಳಬಲ್ಲ ಒಬ್ಬ ಮನುಷ್ಯ, ಇವಿಷ್ಟೂ ಬೇಕಾಗುತ್ತವೆ. ಇವನ್ನು ಒಟ್ಟಾಗಿ ಸಾರ್ವಜನಿಕ ಸೌಕರ್ಯವೆಂದು ಕರೆಯುವಾಗ, ಏನನ್ನೂ ಕೊಳ್ಳದವನೂ ಸಂಕೋಚವಿಲ್ಲದೆ ಬಳಸಬಹುದಾದದ್ದು ಮಾತ್ರ ಸಾರ್ವಜನಿಕವೆಂಬುದನ್ನು ನೆನಪಿನಲ್ಲಿಡುವುದು ಅಗತ್ಯ. ಕಾಫಿ ಕುಡಿದ ಗಿರಾಕಿಗೆ ಹೋಟೆಲಿನವರು ಹಿತ್ತಲಿನ ಬಾಗಿಲು ತೋರಿಸುವುದು ಸೌಜನ್ಯವೇ ಆದರೂ, ಹೋಟೆಲಿಗೆ ರಜೆಯಿದ್ದ ದಿನ ಆ ಸೌಜನ್ಯಕ್ಕೂ ರಜೆಯಿರುತ್ತದೆ.

ದಾರಿಹೋಕನಿಗೆ ನೆರಳು ನೀರು ಒದಗಿಸುವುದು ಆಳುವವರ ಕರ್ತವ್ಯವೆಂಬ ಕಲ್ಪನೆ ಈ ನೆಲದಲ್ಲಿ ಹಳೆಯದು. ಕ್ರಿಸ್ತಪೂರ್ವ 3ನೇ ಶತಮಾನದ ಅಶೋಕನ ಎರಡನೆಯ ಬಂಡೆಶಾಸನವು ಮನುಷ್ಯರಿಗೂ ಪಶುಗಳಿಗೂ ಉಪಯೋಗವಾಗಲೆಂದು ದಾರಿಗಳಲ್ಲಿ ಬಾವಿ ತೋಡಿಸಿ ಮರ ನೆಡಿಸಿದ ಸಂಗತಿಯನ್ನು ಹೇಳುತ್ತದೆ. ಕನ್ನಡ ಶಾಸನಗಳಲ್ಲಿ ಕೆರೆ ದೇಗುಲಗಳ ಜೊತೆಗೆ ಅರವಟ್ಟಿಗೆಗೆ, ಅಂದರೆ ಬೇಸಿಗೆಯಲ್ಲಿ ದಾರಿಹೋಕರಿಗೆ ನೀರು ಮಜ್ಜಿಗೆ ಕೊಡುವ ಚಪ್ಪರಕ್ಕೆ, ಮತ್ತು ಸತ್ರಕ್ಕೆ, ಅಂದರೆ ಹಣ ಪಡೆಯದೆ ಉಣಬಡಿಸುವ ತಂಗುಮನೆಗೆ ಬಿಟ್ಟ ದತ್ತಿಗಳು ಕಾಣಸಿಗುತ್ತವೆ. ಇವುಗಳಿಗೆ ಸಾಲುಮರಗಳನ್ನೂ, ತಲೆಹೊರೆ ಹೊತ್ತವರು ಇನ್ನೊಬ್ಬರ ಸಹಾಯವಿಲ್ಲದೆ ಹೊರೆಯನ್ನು ಇಳಿಸಿ ಮತ್ತೆ ತಲೆಗೇರಿಸಿಕೊಳ್ಳಲು ಅನುಕೂಲವಾಗುವಂತೆ ಎರಡು ಕಂಬಗಳ ಮೇಲೆ ಆಳೆತ್ತರದಲ್ಲಿ ಅಡ್ಡಚಪ್ಪಡಿ ಹಾಸಿದ ಹೊರೆಗಲ್ಲುಗಳನ್ನೂ ಸೇರಿಸಿಕೊಂಡರೆ ಹಿಂದಿನ ದಾರಿಯ ಸೌಕರ್ಯಗಳ ಪಟ್ಟಿ ಬಹುಮಟ್ಟಿಗೆ ಮುಗಿಯುತ್ತದೆ. ಪಟ್ಟಿ ಚಿಕ್ಕದು, ಆದರೆ ಇಂಥ ದತ್ತಿಶಾಸನಗಳ ಗಮನವೆಲ್ಲ ಕಟ್ಟಡದ ಚೆಲುವಿಗಿಂತ ಹೆಚ್ಚಾಗಿ ಬಿಟ್ಟ ಭೂಮಿ ಎಷ್ಟು, ಅದರ ಎಲ್ಲೆ ಎಲ್ಲಿ, ಧರ್ಮವನ್ನು ನಡೆಸತಕ್ಕವರು ಯಾರು ಎಂಬುದರ ಮೇಲಿರುತ್ತದೆ, ಮತ್ತು ಧರ್ಮವನ್ನು ಅಳಿದವರು ವಾರಣಾಸಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪಕ್ಕೆ ಹೋಗುವರೆಂಬ ಶಾಪದೊಂದಿಗೆ ಅವು ಅನೇಕ ಕಡೆ ಮುಗಿಯುತ್ತವೆ. ಇಂದಿನ ಹೊರಗುತ್ತಿಗೆಯ ಕರಾರುಪತ್ರಗಳಲ್ಲಿ ಈ ಕಲಮು ಇಲ್ಲ. ಹಾಗೆಂದು ಗತಕಾಲವನ್ನು ಹಾಡಿಹೊಗಳುವುದೂ ಸಲ್ಲದು. ಬಾವಿಯ ಹಗ್ಗವನ್ನು ಯಾರು ಮುಟ್ಟಬಹುದು, ಸತ್ರದ ಯಾವ ಪಂಕ್ತಿಯಲ್ಲಿ ಯಾರು ಕೂರಬಹುದು ಎಂಬುದನ್ನು ಜಾತಿ ನಿರ್ಧರಿಸುತ್ತಿದ್ದ ಕಾಲದಲ್ಲಿ ಈ ಸೌಕರ್ಯಗಳು ದಾರಿಯಲ್ಲಿದ್ದವೇ ವಿನಾ ದಾರಿಹೋಕರೆಲ್ಲರ ಪಾಲಿಗೆ ಇರಲಿಲ್ಲ.

ಬ್ರಿಟಿಷರ ಕಾಲದಲ್ಲಿ ಬಂದ ಬಂಗಲೆ ಬೇರೊಂದು ಬಗೆಯದು. ಅಂಚೆಯ ದಾರಿಗಳಲ್ಲಿ ಹುಟ್ಟಿದ ಡಾಕ್ ಬಂಗಲೆಯೂ, ಅನಂತರ ಲೋಕೋಪಯೋಗಿ ಇಲಾಖೆಯ ಕೈಯಲ್ಲಿ ಬೆಳೆದ ಪ್ರವಾಸಿ ಮಂದಿರ ಮತ್ತು ಪರಿವೀಕ್ಷಣಾ ಮಂದಿರಗಳೂ, ಅಂದರೆ ಜನ ಇಂದಿಗೂ ಟೀಬಿ, ಐಬಿ ಎಂದು ಕರೆಯುವ ಕಟ್ಟಡಗಳೂ, ಮೂಲತಃ ತಿರುಗಾಟದ ಅಧಿಕಾರಿಗಾಗಿ ಎದ್ದವು, ಮತ್ತು ಅಧಿಕಾರಿ ಬಾರದ ದಿನ ಬಂಗಲೆಯ ಮೇಟಿಗೆ ಮನಸ್ಸಿದ್ದರೆ ಇತರರಿಗೂ ದೊರೆಯುತ್ತಿದ್ದವು. ಎತ್ತರದ ಜಾಗ, ಅಗಲವಾದ ಜಗಲಿ, ಮುಂದೆ ಕಣಿವೆಯ ನೋಟ ಎಲ್ಲವೂ ಅಲ್ಲಿದ್ದವು. ಊರಿಗೆ ಮಾತ್ರ ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ. ಊರಿನೊಂದಿಗಿನ ಈ ದೂರವೇ ಇಂದಿನ ಪ್ರವಾಸಿ ಸೌಕರ್ಯಗಳಿಗೂ ಬಳುವಳಿಯಾಗಿ ಬಂದಿದೆಯೆಂದು ತೋರುತ್ತದೆ.

ಮಲೆನಾಡಿನ ವೀಕ್ಷಣಾಸ್ಥಳಗಳಲ್ಲಿ ಮತ್ತೆ ಮತ್ತೆ ಎದುರಾಗುವ ಕಟ್ಟಡವೊಂದಿದೆ: ಗೋಡೆಗೆ ಹೆಂಚಿನ ಬಣ್ಣ, ಬಾಗಿಲ ಪಕ್ಕದಲ್ಲಿ ಉದ್ಘಾಟನೆಯ ಅಮೃತಶಿಲೆ, ಬಾಗಿಲಿಗೆ ಬೀಗ. ಈ ಬೀಗವನ್ನು ಸೋಮಾರಿತನದ ಗುರುತೆಂದು ತಿಳಿಯುವುದು ಸುಲಭವಾದರೂ ಅದರ ಹಿಂದೆ ಸಾಕಷ್ಟು ಕಾರಣಗಳಿವೆ. ರಸ್ತೆ ಒಂದು ಇಲಾಖೆಯದು, ರಸ್ತೆಯಂಚಿನ ಕಾಡು ಇನ್ನೊಂದರದು, ಕಟ್ಟಡಕ್ಕೆ ಹಣ ಕೊಟ್ಟದ್ದು ಮೂರನೆಯದು. ಕಾಮಗಾರಿ ಮುಗಿದ ಮೇಲೆ ಗ್ರಾಮ ಪಂಚಾಯಿತಿಗೆ ಹಸ್ತಾಂತರವಾಗಬೇಕು, ಆದರೆ ತನ್ನ ನೀರುಗಂಟಿಗಳ ಸಂಬಳಕ್ಕೇ ಪರದಾಡುವ ಪಂಚಾಯಿತಿ, ತನ್ನ ಮತದಾರರಾರೂ ಬಳಸದ ಶೌಚಾಲಯವನ್ನು ತೊಳೆಯಲು ಒಬ್ಬರನ್ನು ನೇಮಿಸುವುದಕ್ಕೆ ಹಿಂಜರಿದರೆ ಅದರಲ್ಲಿ ಆಶ್ಚರ್ಯಪಡುವಂಥದ್ದು ಏನೂ ಇಲ್ಲ. ಸರಕಾರಿ ಲೆಕ್ಕದಲ್ಲಿ ಬಂಡವಾಳ ವೆಚ್ಚ, ಅಂದರೆ ಒಮ್ಮೆ ಕಟ್ಟುವುದಕ್ಕಾಗುವ ಖರ್ಚು ಒಂದು ಶೀರ್ಷಿಕೆಯಲ್ಲಿಯೂ, ನಿರ್ವಹಣಾ ವೆಚ್ಚ, ಅಂದರೆ ದಿನವೂ ನಡೆಸುವುದಕ್ಕಾಗುವ ಖರ್ಚು ಬೇರೊಂದು ಶೀರ್ಷಿಕೆಯಲ್ಲಿಯೂ ಬರುತ್ತವೆ. ಮೊದಲನೆಯದಕ್ಕೆ ಉದ್ಘಾಟನೆಯಿದೆ; ಫಿನಾಯಿಲಿನ ಡಬ್ಬಕ್ಕೆ ರಿಬ್ಬನ್ ಕತ್ತರಿಸುವ ಪದ್ಧತಿ ಇನ್ನೂ ಬಂದಿಲ್ಲ.

ಇನ್ನು ನೀರಿನ ಪ್ರಶ್ನೆ. ನೋಟ ಬೇಕಾದವರು ಗುಡ್ಡದ ನೆತ್ತಿಯನ್ನು ಆರಿಸಿಕೊಳ್ಳುತ್ತಾರೆ, ನೀರು ತಗ್ಗನ್ನು ಹುಡುಕುತ್ತದೆ. ಆದ್ದರಿಂದ ಅತ್ಯಂತ ರಮಣೀಯವಾದ ಜಾಗವೇ ಶೌಚಾಲಯ ನಡೆಸಲು ಅತ್ಯಂತ ಕಷ್ಟದ ಜಾಗವಾಗಿರುತ್ತದೆ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯಂಥ ಕಡೆಗಳಲ್ಲಿಯೂ ಫೆಬ್ರವರಿ ಮಾರ್ಚಿಗೆ ಮೇಲಿನ ಹಳ್ಳಗಳು ಬತ್ತುತ್ತವೆ, ಮತ್ತು ಪರೀಕ್ಷೆಗಳು ಮುಗಿದು ಮಕ್ಕಳೊಂದಿಗೆ ಪ್ರವಾಸಿಗಳು ಬರತೊಡಗುವುದು ಅದಾದ ಮೇಲೆಯೇ. ಮಳೆಗಾಲದಲ್ಲಿ ತೊಂದರೆ ತಿರುವುಮುರುವಾಗುತ್ತದೆ. ಗ್ರಾಮೀಣ ಭಾರತದಲ್ಲಿ ಶಿಫಾರಸು ಮಾಡಲಾಗುವ ಅವಳಿ ಗುಂಡಿಯ ಪದ್ಧತಿಯಲ್ಲಿ ಒಂದು ಗುಂಡಿ ತುಂಬಿದಾಗ ಇನ್ನೊಂದನ್ನು ಬಳಸಿ, ಮೊದಲನೆಯದರ ಮಲ ಗೊಬ್ಬರವಾಗಲು ಬಿಡುತ್ತಾರೆ. ಇದು ಸಾಧ್ಯವಾಗುವುದು ಗುಂಡಿಯ ನೀರನ್ನು ಸುತ್ತಲಿನ ಮಣ್ಣು ಹೀರಿಕೊಂಡಾಗ. ಆಷಾಢದ ಮಲೆನಾಡಿನಲ್ಲಿ ಮಣ್ಣೇ ನೀರು ಕುಡಿದು ತುಂಬಿರುವುದರಿಂದ ಗುಂಡಿ ಮೇಲಕ್ಕೆ ಉಕ್ಕುತ್ತದೆ, ಉಕ್ಕಿದ್ದು ಇಳಿಜಾರಿನಲ್ಲಿ ಹರಿದು ಕೆಳಗಿನ ಊರಿನ ಹಳ್ಳವನ್ನು ಸೇರುತ್ತದೆ. ಬಯಲುಸೀಮೆಯ ನಕ್ಷೆಯನ್ನೇ ಘಟ್ಟದ ಮೇಲೆ ಇಳಿಸಿದಾಗ ಪ್ರವಾಸಿಯ ಸೌಕರ್ಯ ಹಳ್ಳಿಗನ ಕಾಯಿಲೆಯಾಗಿ ಪರಿಣಮಿಸುವುದು ಹೀಗೆ.

ಈ ಕೊರತೆಯ ಭಾರ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಪ್ರಯಾಣದ ದಿನ ಬೆಳಗಿನಿಂದಲೇ ನೀರು ಕುಡಿಯುವುದನ್ನು ಕಡಿಮೆ ಮಾಡುವ ಲೆಕ್ಕಾಚಾರ ಹೆಂಗಸರಿಗೆ ಚೆನ್ನಾಗಿ ತಿಳಿದಿದೆ, ಗಂಡಸರಲ್ಲಿ ಬಹುಮಂದಿಗೆ ಅಂಥ ಲೆಕ್ಕಾಚಾರವೊಂದಿದೆಯೆಂಬುದೇ ತಿಳಿದಿಲ್ಲ. ಟೆಂಪೊ ಟ್ರಾವೆಲರಿನ ಚಾಲಕನಂತೂ ಯಾವ ಯೋಜನಾ ವರದಿಯಲ್ಲಿಯೂ ಪ್ರವಾಸಿಯೆಂದು ಎಣಿಕೆಯಾಗುವವನಲ್ಲ. ಹದಿನಾಲ್ಕು ಹಿಮ್ಮುರಿ ತಿರುವುಗಳ ಆಗುಂಬೆ ಘಾಟಿಯನ್ನು ರಾತ್ರಿ ಇಳಿಸಬೇಕಾದ ಆ ಮನುಷ್ಯ ಹಗಲಿನಲ್ಲಿ ಸೀಟಿನ ಮೇಲೆಯೇ ಕಾಲು ಮಡಚಿ ಮಲಗುತ್ತಾನೆ.

ಹಾಗಿದ್ದರೂ ಈ ಸೀಮೆಯಲ್ಲಿ ಪ್ರವಾಸ ನಡೆದೇ ಇದೆ, ಮತ್ತು ಅದನ್ನು ನಡೆಸುತ್ತಿರುವವರು ಪ್ರವಾಸಿಗಾಗಿ ಏನನ್ನೂ ಕಟ್ಟದವರು. ಶೃಂಗೇರಿ, ಹೊರನಾಡು, ಧರ್ಮಸ್ಥಳ, ಸುಬ್ರಹ್ಮಣ್ಯಗಳ ಊಟದ ಪಂಕ್ತಿಗಳೂ ಯಾತ್ರಿನಿವಾಸಗಳೂ ಇಲ್ಲದಿದ್ದರೆ ಮಲೆನಾಡಿನ ನಿಸರ್ಗಪ್ರೇಮ ಅರ್ಧ ದಿನವೂ ಬಾಳುತ್ತಿರಲಿಲ್ಲ. ದೇವರ ಮೇಲೆ ನಂಬಿಕೆ ಅಷ್ಟಕ್ಕಷ್ಟೆಯಾದ ಚಾರಣಿಗರೂ ಮಧ್ಯಾಹ್ನದ ಹೊತ್ತಿಗೆ ಸರಿಯಾಗಿ ಹೊರನಾಡು ತಲುಪುವಂತೆ ದಾರಿಯನ್ನು ಹೊಂದಿಸಿಕೊಳ್ಳುತ್ತಾರೆ. ಕುಮಾರಪರ್ವತದ ಏರುದಾರಿಯ ಗಿರಿಗದ್ದೆಯಲ್ಲಿ ಕೃಷಿಕ ಕುಟುಂಬವೊಂದು ಹತ್ತುವವರಿಗೆ ಅನ್ನ ಸಾಂಬಾರು ಬಡಿಸುತ್ತ ಬಂದಿದೆ. ಪೆಟ್ರೋಲ್ ಬಂಕುಗಳು ಕುಡಿಯುವ ನೀರನ್ನೂ ಶೌಚಾಲಯವನ್ನೂ ಉಚಿತವಾಗಿ ಒದಗಿಸಬೇಕೆಂಬುದು ತೈಲ ಕಂಪನಿಗಳ ನಿಯಮಾವಳಿಯಲ್ಲಿಯೇ ಇದೆ. ಕರಾವಳಿಯಲ್ಲಿ ಬಸ್ ತಂಗುದಾಣಗಳನ್ನು ಊರಿನವರು ತೀರಿಕೊಂಡ ತಂದೆತಾಯಿಯರ ಸ್ಮರಣಾರ್ಥ ಕಟ್ಟಿಸುವ ರೂಢಿಯಿದ್ದು, ಹೆಸರು ಕೆತ್ತಿಸಿದವರ ಮಕ್ಕಳು ಅದೇ ದಾರಿಯಲ್ಲಿ ಓಡಾಡುವುದರಿಂದ ಮಾಡು ಸೋರಿದರೆ ಅದು ಮನೆತನದ ಮರ್ಯಾದೆಯ ಪ್ರಶ್ನೆಯಾಗುತ್ತದೆ. ಇವುಗಳಲ್ಲಿ ಯಾವುದೂ ಪ್ರವಾಸಿಯೊಬ್ಬನನ್ನೇ ನಂಬಿಕೊಂಡಿಲ್ಲ. ಭಕ್ತರು, ಶಾಲೆಯ ಮಕ್ಕಳು, ಸಂತೆಗೆ ಹೊರಟವರು ಬಳಸುವುದರ ಜೊತೆಗೆ ಪ್ರವಾಸಿಯೂ ಬಳಸುತ್ತಾನೆ, ಬಾಗಿಲು ತೆರೆದಿರುವುದಕ್ಕೆ ಕಾರಣವೂ ಅದೇ.

ಈ ತತ್ತ್ವವನ್ನು ಒಂದು ರಾಷ್ಟ್ರೀಯ ವ್ಯವಸ್ಥೆಯಾಗಿ ಬೆಳೆಸಿದ ದೇಶ ಜಪಾನ್. ರೈಲಿಗೆ ನಿಲ್ದಾಣವಿರುವಂತೆ ರಸ್ತೆಗೂ ಯಾಕಿರಬಾರದೆಂಬ ಚರ್ಚೆ ಅಲ್ಲಿ 1990ರ ಸುಮಾರಿಗೆ ಮೊದಲಾಗಿ, 1993ರಲ್ಲಿ 103 ಕೇಂದ್ರಗಳು ಮಿಚಿ-ನೊ-ಎಕಿ, ಅಂದರೆ ರಸ್ತೆಯ ನಿಲ್ದಾಣ ಎಂಬ ಹೆಸರಿನಲ್ಲಿ ನೋಂದಣಿಯಾದವು; ಇಂದು ಅವುಗಳ ಸಂಖ್ಯೆ 1,200ನ್ನು ದಾಟಿದೆ. ಹಗಲೂ ರಾತ್ರಿಯೂ ತೆರೆದ ಶೌಚಾಲಯ, ಉಚಿತ ವಾಹನ ನಿಲುಗಡೆ, ರಸ್ತೆಯ ಮತ್ತು ಊರಿನ ಮಾಹಿತಿ, ಇವು ನೋಂದಣಿಗೆ ಕಡ್ಡಾಯ. ಆದರೆ ಬಹುತೇಕ ಕಡೆ ಅದೇ ಸೂರಿನಡಿಯಲ್ಲಿ ಸುತ್ತಲ ರೈತರು ಅಂದು ಬೆಳಿಗ್ಗೆ ಕಿತ್ತ ತರಕಾರಿ, ಉಪ್ಪಿನಕಾಯಿ, ಹಣ್ಣುಗಳನ್ನು ತಾವೇ ಬೆಲೆಯ ಚೀಟಿ ಅಂಟಿಸಿ ಮಾರಾಟಕ್ಕಿಡುತ್ತಾರೆ, ಊರಿನ ಮುದುಕರು ಹರಟೆಗೆ ಬಂದು ಕೂರುತ್ತಾರೆ, ಕೆಲವೆಡೆ ಬಿಸಿನೀರಿನ ಬುಗ್ಗೆಯ ಸ್ನಾನಗೃಹವೂ ಇದೆ. ಕೇಂದ್ರವನ್ನು ಸ್ಥಾಪಿಸುವುದು ಸ್ಥಳೀಯ ಆಡಳಿತ, ನೋಂದಾಯಿಸುವುದು ರಾಷ್ಟ್ರ ಸರಕಾರದ ಸಚಿವಾಲಯ. 2004ರ ನೀಗಾತ ಭೂಕಂಪದಲ್ಲಿ ಇಂಥ ನಿಲ್ದಾಣಗಳು ನಿರಾಶ್ರಿತರಿಗೆ ಆಸರೆಯಾದ ಮೇಲೆ ಅವುಗಳಿಗೆ ವಿಪತ್ತಿನ ಕಾಲದ ಕೆಲಸವೂ ಸೇರಿಕೊಂಡಿತು. ಹಳ್ಳಿಗೆ ಇಷ್ಟೊಂದು ಬಗೆಯಲ್ಲಿ ಬೇಕಾದ ಕಟ್ಟಡಕ್ಕೆ ಬೀಗ ಬಿದ್ದರೆ ಮೊದಲು ದೂರುವವನು ಪ್ರವಾಸಿಯಲ್ಲ, ಮೂಲಂಗಿ ತಂದ ರೈತ. ನಾರ್ವೆಯ ಮಾರ್ಗ ಇದಕ್ಕಿಂತ ಬೇರೆ: ಅಲ್ಲಿನ 18 ರಾಷ್ಟ್ರೀಯ ದೃಶ್ಯಮಾರ್ಗಗಳಲ್ಲಿ ಹೆಸರಾಂತ ವಾಸ್ತುಶಿಲ್ಪಿಗಳಿಂದ ವಿಶ್ರಾಂತಿತಾಣಗಳನ್ನು ಕಟ್ಟಿಸಿದ್ದಾರೆ, 2018ರಲ್ಲಿ ತೆರೆದ ಉರೆಡ್‌ಪ್ಲಾಸೆನ್ ಎಂಬಲ್ಲಿ ಅಲೆಯಾಕಾರದ ಶೌಚಾಲಯವೇ ನೋಡತಕ್ಕ ವಸ್ತುವಾಗಿಬಿಟ್ಟಿದೆ. ಸಿರಿವಂತ ದೇಶಕ್ಕೆ ಅದು ಒಪ್ಪುತ್ತದೆ. ಮಲೆನಾಡು ಅನುಕರಿಸಲು ಹೊರಟರೆ ಅಲೆ ಬರುತ್ತದೆ, ನೀರು ಬರುವುದಿಲ್ಲ.

ಸೌಕರ್ಯ ಹೆಚ್ಚಿದಷ್ಟೂ ಒಳ್ಳೆಯದೆಂಬ ವಾದವನ್ನೂ ಪೂರ್ತಿ ಒಪ್ಪುವಂತಿಲ್ಲ. ದಾರಿ ಕಷ್ಟವಾಗಿದ್ದ ಕಾಲದಲ್ಲಿ ಕಷ್ಟವೇ ಕಾವಲುಗಾರನ ಕೆಲಸ ಮಾಡುತ್ತಿತ್ತು. 2024ರ ಜನವರಿಯಲ್ಲಿ ಕುಮಾರಪರ್ವತಕ್ಕೆ ಒಂದೇ ಸಲಕ್ಕೆ ಜನ ನುಗ್ಗಿದ ಮೇಲೆ, ಮುಂಗಡ ನೋಂದಣಿಯ ವ್ಯವಸ್ಥೆಯಿಲ್ಲದ ಚಾರಣಗಳನ್ನು ಸರಕಾರ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯಿತು. ಅಂಥ ಶಿಖರಕ್ಕೆ ಬೇಕಾದದ್ದು ಜನರ ಸಂಖ್ಯೆಗೆ ಮಿತಿಯೇ ಹೊರತು ಮೆಟ್ಟಿಲು, ಗಾಜಿನ ಸೇತುವೆ, ಸೆಲ್ಫಿ ತೆಗೆಯಲು ಹೃದಯಾಕಾರದ ಕಮಾನುಗಳಲ್ಲ; ಇವನ್ನು ಮೂಲಸೌಕರ್ಯದ ಅನುದಾನದಲ್ಲಿ ಸೇರಿಸುವುದಂತೂ ಲೆಕ್ಕಪತ್ರದ ದೃಷ್ಟಿಯಿಂದಲೂ ವಿಚಿತ್ರ. ಶಿಖರದ ಮೇಲೆ ಏನನ್ನೂ ಕಟ್ಟದೆ, ಅಗತ್ಯವಾದದ್ದೆಲ್ಲವನ್ನೂ ಬುಡದ ಊರಿನಲ್ಲಿ ಕಟ್ಟಿದರೆ ನೀರಿನ ತೊಂದರೆಯೂ ಬಹುಪಾಲು ಪರಿಹಾರವಾಗುತ್ತದೆ, ನೋಟವೂ ಉಳಿಯುತ್ತದೆ.

ಬುಡವೆಂದಾಗ ಘಾಟಿಯ ತಲೆಯೂ ಆಗಬಹುದು. ಚಾರ್ಮಾಡಿ ಘಾಟಿಯ ಮೇಲ್ತುದಿಯ ಕೊಟ್ಟಿಗೆಹಾರವನ್ನು ಯಾವ ಇಲಾಖೆಯೂ ಪ್ರವಾಸಿ ತಾಣವೆಂದು ಯೋಜಿಸಿದ್ದಲ್ಲ. ಇಳಿಯುವ ಮುನ್ನ ಚಾಲಕರು ಗಾಡಿ ತಣಿಸಿಕೊಳ್ಳುವ, ಹತ್ತಿಬಂದವರು ಹೊಟ್ಟೆಯ ತೊಳಸು ಕಳೆದುಕೊಳ್ಳುವ ಜಾಗವಾದ್ದರಿಂದ ನೀರುದೋಸೆಯ ಹೋಟೆಲುಗಳು ತಾವಾಗಿಯೇ ಎದ್ದವು, ಈಗ ಅಲ್ಲಿ ಸಾಹಿತಿ ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ ಪ್ರತಿಷ್ಠಾನವೂ ಇದೆ. ಘಟ್ಟದ ಸಾಲಿನುದ್ದಕ್ಕೂ ಇಂಥ ತಾನಾಗಿ ಬೆಳೆದ ನಿಲುಗಡೆಗಳಿದ್ದು, ಹೊಸ ಶೌಚಾಲಯಗಳು ನಿರ್ಜನ ತಿರುವುಗಳನ್ನು ಬಿಟ್ಟು ಅಲ್ಲಿಗೆ ಬರಬೇಕು. ನಡೆಸುವ ಕೈಗಳಿಗೂ ಕೊರತೆಯಿಲ್ಲ. ರಾಜ್ಯದ ಅನೇಕ ಪಂಚಾಯಿತಿಗಳಲ್ಲಿ ಸಂಜೀವಿನಿ ಒಕ್ಕೂಟಗಳ, ಅಂದರೆ ಸ್ವಸಹಾಯ ಸಂಘಗಳ ಗ್ರಾಮಮಟ್ಟದ ಕೂಟಗಳ ಹೆಂಗಸರು ಒಣಕಸ ಸಂಗ್ರಹಿಸುವ ಸ್ವಚ್ಛವಾಹಿನಿ ಗಾಡಿಗಳನ್ನು ತಾವೇ ಓಡಿಸುತ್ತಿದ್ದಾರೆ. ಶೌಚಾಲಯದ ಬೀಗದಕೈಯನ್ನು ಅದರ ಪಕ್ಕದ ಮಳಿಗೆಯೊಂದಿಗೇ ಅವರಿಗೆ ವಹಿಸಿ, ಜೇನುತುಪ್ಪ, ಕಾಳುಮೆಣಸು, ಹಲಸಿನ ಹಪ್ಪಳ ಮಾರಲು ಬಿಟ್ಟು, ಬಸ್ಸಿಗೆ ಕಾಯುವ ಊರಿನವರಿಗೂ ಅದೇ ನೀರಿನ ತೊಟ್ಟಿಯಿಂದ ನಲ್ಲಿ ಹಾಕಿಸಬಹುದು. ಕಷ್ಟವಿರುವುದು ಪ್ರವಾಸಿಗಳು ವಿರಳವಾಗುವ ತಿಂಗಳುಗಳಲ್ಲಿ: ಮಳಿಗೆಯ ಆದಾಯ ಸಾಲದ ಆ ದಿನಗಳ ಸಂಬಳವನ್ನು ಪ್ರವಾಸೋದ್ಯಮದ ಅನುದಾನದಿಂದ ತುಂಬಿಕೊಡುವ ಕರಾರು ಟೆಂಡರು ಕರೆಯುವುದಕ್ಕೆ ಮೊದಲೇ, ಕಟ್ಟಡದ ಅಂದಾಜುಪಟ್ಟಿಯ ಜೊತೆಯಲ್ಲಿಯೇ ಮಂಜೂರಾಗಬೇಕು.