ಬದನೆಕಾಯಿಯ ಹಸು

ನಾವು ಟೋಕಿಯೋದ ನಿಶಿಕಸಾಯಿಗೆ ಬಂದು ಇದು ಎರಡನೇ ಬೇಸಿಗೆ. ಆಗಸ್ಟಿನಲ್ಲಿ ಮನೆ ಎದುರಿನ ಪಾರ್ಕಿನಲ್ಲಿ ಮರದ ಅಟ್ಟ ಕಟ್ಟಿ, ಸುತ್ತಲೂ ಕಾಗದದ ದೀಪ ತೂಗುಹಾಕುತ್ತಾರೆ. ಬೋನ್ ಒದೊರಿ ಅಂತ, ಕುಣಿತದ ಹಬ್ಬ. ಹೋದ ವರ್ಷ ಬಾಲ್ಕನಿಯಿಂದಲೇ ನೋಡಿದ್ದೆ. ಈ ಸಲ ಪಕ್ಕದ ಮನೆ ಅಜ್ಜಿ ಬಿಡಲಿಲ್ಲ, ತಮ್ಮದೇ ಹಳೇ ಯುಕಾತ ತಂದುಕೊಟ್ಟರು.

ಯುಕಾತ ಅಂದರೆ ಹತ್ತಿಯ ತೆಳು ಕಿಮೋನೊ. ಸೀರೆ ಉಡೋಳಿಗೆ ಇದೇನು ಮಹಾ ಅಂದ್ಕೊಂಡು ಸುತ್ತಿಕೊಂಡು ಹೊರಗೆ ಬಂದೆ. ಅಜ್ಜಿ ನೋಡಿದವರೇ ಗಾಬರಿಯಾಗಿ ನನ್ನನ್ನು ತಮ್ಮ ಮನೆಯೊಳಕ್ಕೆ ಎಳೆದುಕೊಂಡರು. ಎಡಭಾಗ ಮೇಲೆ ಬರಬೇಕಂತೆ. ಬಲಭಾಗ ಮೇಲೆ ಬರುವ ಹಾಗೆ ಉಡಿಸೋದು ಹೆಣಕ್ಕೆ ಮಾತ್ರ!

ನಗು ಬರಬೇಕಿತ್ತು, ಬರಲಿಲ್ಲ. ಫೆಬ್ರವರಿಯಲ್ಲಿ ತೀರ್ಥಹಳ್ಳಿಯಲ್ಲಿ ಅಪ್ಪ ಹೋದರು. ಮಗಳಿಗೆ ಜೋರು ಜ್ವರ, ನಾನು ಹೊರಡಲಾಗಲಿಲ್ಲ. ಎಲ್ಲವನ್ನೂ ಫೋನಿನಲ್ಲೇ ನೋಡಿದೆ. ನಡುವೆ ನೆಟ್‌ವರ್ಕ್ ಹೋಗಿ, ಕೊನೆಗೆ ಅಪ್ಪನ ಮುಖವೂ ಕಾಣಲಿಲ್ಲ.

ಅಜ್ಜಿ ಪಟ್ಟಿ ಕಟ್ಟುವಾಗ ಅವರ ದೇವರ ಗೂಡಿನ ಮುಂದೆ ಕಣ್ಣು ಹೋಯಿತು. ಒಂದು ಸೌತೆಕಾಯಿ, ಒಂದು ಬದನೆಕಾಯಿ, ಎರಡಕ್ಕೂ ಕಡ್ಡಿಯ ನಾಲ್ಕು ಕಾಲು. ಒಬೋನ್‌ನಲ್ಲಿ ತೀರಿಕೊಂಡವರು ಮನೆಗೆ ಬರುತ್ತಾರಂತೆ. ಸೌತೆಕಾಯಿ ಕುದುರೆ, ಬೇಗ ಬರಲಿ ಅಂತ. ಬದನೆಕಾಯಿ ಹಸು, ನಿಧಾನ ಹೋಗಲಿ ಅಂತ. ನಾವೂ ಮಹಾಲಯ ಅಮಾವಾಸ್ಯೆಗೆ ಎಡೆ ಇಟ್ಟು ಕಾಗೆಗೆ ಕಾಯ್ತೀವಲ್ಲ. ಆದರೆ ನಾವು ಕುಣಿಯೋದಿಲ್ಲ.

ಅಟ್ಟದ ಮೇಲೆ ದೊಡ್ಡ ಡೋಲು ಶುರುವಾಯಿತು. ಸುತ್ತ ಮಕ್ಕಳು, ಮುದುಕರು, ಆಫೀಸಿನಿಂದ ನೇರ ಬಂದವರು. ಆಗ ತಾಂಕೊ ಬುಶಿ ಬಂತು, ಕ್ಯೂಶೂ ಕಡೆಯ ಕಲ್ಲಿದ್ದಲು ಗಣಿಯವರ ಹಾಡು. ಕುಣಿತದಲ್ಲೂ ಅದೇ ಕೆಲಸ: ಅಗೆಯೋದು, ಹೆಗಲಿಗೆ ಹಾಕೋದು, ಹಣೆಗೆ ಕೈಯಿಟ್ಟು ಚಂದ್ರನನ್ನು ನೋಡೋದು, ಗಾಡಿ ತಳ್ಳೋದು. ಅಗೆಯುವ ಹೆಜ್ಜೆ ಎರಡನೇ ಸಲ ಬಂದಾಗ ಅಡಿಕೆ ತೋಟದಲ್ಲಿ ಗುದ್ದಲಿ ಹಿಡಿದ ಅಪ್ಪನ ಬೆನ್ನು ಕಣ್ಣಿಗೆ ಕಟ್ಟಿತು. ಆರು ತಿಂಗಳು ತಡೆದಿದ್ದ ಅಳು ಅಷ್ಟು ಜನರ ನಡುವೆ ಬಂದುಬಿಟ್ಟಿತು.

ಅಜ್ಜಿ ಕುಣಿತ ನಿಲ್ಲಿಸದೆ ಕೇಳಿದರು, "ಯಾರು?"

"ಅಪ್ಪ."

ತಮ್ಮ ಕೊರಳಿನ ಟವೆಲ್ ಕೊಟ್ಟು, "ಹಾಗಾದರೆ ನಿಲ್ಲಬೇಡ, ಬಂದಿರ್ತಾರೆ" ಅಂದರು. ಕುಣಿದೆ, ಎಲ್ಲ ಹೆಜ್ಜೆಯನ್ನೂ ತಪ್ಪಾಗಿಯೇ.

ರಾತ್ರಿ ಬಂದವಳೇ ಬದನೆಕಾಯಿಗೆ ಟೂತ್‌ಪಿಕ್ ಚುಚ್ಚಿ ಅಪ್ಪನ ಫೋಟೋ ಮುಂದೆ ಇಟ್ಟೆ. "ಕುದುರೆ ಎಲ್ಲಿ ಅಮ್ಮಾ? ಅಜ್ಜ ಹೇಗೆ ಬರ್ತಾರೆ?" ಅಂದಳು ಮಗಳು. ಸೌತೆಕಾಯಿ ಮಧ್ಯಾಹ್ನವೇ ಕೋಸಂಬರಿಗೆ ಖರ್ಚಾಗಿತ್ತು. "ಆಗಲೇ ಬಂದಾಯ್ತಲ್ಲ" ಅಂದೆ.