ಖಾತೆಯಿಲ್ಲದ ಹೂವು

ನಮ್ಮ ವೈಟ್‌ಫೀಲ್ಡ್ ಕಡೆ ಕೊರಳಲ್ಲಿ ಟ್ಯಾಗ್ ಇಲ್ಲದವರನ್ನು ಯಾರೂ ಮನುಷ್ಯರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಟೆಕ್ ಪಾರ್ಕಿನ ಗೇಟು ಹಾಗಿರಲಿ, ದರ್ಶಿನಿಯಲ್ಲಿ ಇಡ್ಲಿ ತಿನ್ನುವಾಗಲೂ ಆ ಟ್ಯಾಗ್ ಸಾಂಬಾರಿನಲ್ಲಿ ಅದ್ದಿಕೊಂಡೇ ಇರುತ್ತದೆ. ಇಂಥ ಊರಿನಲ್ಲಿ, ಸೆಕ್ಯುರಿಟಿಯವನ ರಿಜಿಸ್ಟರಿಗೆ ಸಹಿಯನ್ನೂ ಹಾಕದೆ, ಜನವರಿಯ ಚಳಿಯಲ್ಲಿ ಒಂದು ಗಿಡ ನಮ್ಮ ಅಂಗಳಕ್ಕೆ ಬಂದು ನಿಂತುಬಿಟ್ಟಿತ್ತು.

ಅಂಗಳವೆಂದರೆ ಮನೆ, ಸಂಪು, ಕಾರು ಎಲ್ಲ ತಮ್ಮ ಪಾಲು ಪಡೆದ ಮೇಲೆ ಉಳಿದ ಒಂದಿಷ್ಟು ಹುಲ್ಲು. ಅದರ ನಡುವೆ ಗೇಣುದ್ದವೂ ಇಲ್ಲದ ಕಂದುಗೆಂಪು ಕಾಂಡ, ಅದನ್ನು ತಬ್ಬಿದ ಸಪೂರ ಎಲೆ, ತುದಿಯಲ್ಲಿ ಒತ್ತಾದ ಬಿಳಿ ಚುಕ್ಕೆಗಳು.

ಮಾಲಿ ಒಂದೇ ಮಾತಿನಲ್ಲಿ ತೀರ್ಪು ಕೊಟ್ಟ: “ಕಳೆ ಸಾರ್, ಕಿತ್ತಾಕ್ಬುಡ್ತೀನಿ.”

“ಹೂ ಬಿಟ್ಟಿದ್ದನ್ನ ಯಾರಾದ್ರೂ ಕೀಳ್ತಾರೇನಪ್ಪಾ?” ಎಂದು ಅಮ್ಮ ತಡೆದರು.

ಪಕ್ಕದ ಮನೆಯವರು ಈರುಳ್ಳಿ ಜಾತಿ ಇರಬೇಕು ಎಂದರು. ಮೊಬೈಲಿನ ಆ್ಯಪು ಮೊದಲು ಲಿಲ್ಲಿ ಎಂದಿತು, ಆಮೇಲೆ ಗರಿಕೆ ಎಂದಿತು, ಕೊನೆಗೆ ದುಡ್ಡು ಕಟ್ಟಿದರೆ ಸರಿಯಾಗಿ ಹೇಳುತ್ತೇನೆ ಎಂದಿತು.

ಅಮ್ಮ ಪಂಚಾಂಗ ಓದುವ ಭೂತಗನ್ನಡಿ ಹಿಡಿದು ನಾನು ಹುಲ್ಲಿನ ಮೇಲೆ ಬೋರಲು ಮಲಗಿದೆ. ಆ ಚುಕ್ಕೆ ಅಕ್ಕಿಕಾಳಿಗಿಂತ ಹೆಚ್ಚೇನೂ ದೊಡ್ಡದಲ್ಲ. ಆದರೂ ಎಲ್ಲ ಅಚ್ಚುಕಟ್ಟು. ಬಿಳಿ ಎಸಳುಗಳು ಮೇಲೆ ಸೇರಿ ಕುಲಾವಿ ಹಾಕಿವೆ. ಕೆಳಗಿನ ಒಂದು ಎಸಳು ಮಾತ್ರ ಹಳದಿ ತುಟಿಯಾಗಿದೆ. ಒಳಗೆ ಕೇಸರ ಬೇರೆ, ಶಲಾಕೆ ಬೇರೆ ಎಂಬುದಿಲ್ಲ, ಎರಡೂ ಕೂಡಿ ಒಂದೇ ಕಂಬ. ಈ ತುಟಿ, ಈ ಕಂಬ ಎರಡೂ ಇದ್ದರೆ ಅದು ಆರ್ಕಿಡ್. ಕುಲ ಸಿಕ್ಕಿದ ಮೇಲೆ ಹೆಸರು ಹುಡುಕುವುದು ಸುಲಭವಾಯಿತು: ಝುಕ್ಸೈನ್ ಸ್ಟ್ರಾಟ್ಯುಮ್ಯಾಟಿಕಾ. ಹುಲ್ಲುಹಾಸಿನಲ್ಲಿ ಏಳುವ ಆರ್ಕಿಡ್ ಎಂದೇ ಲೋಕವೆಲ್ಲ ಇದನ್ನು ಬಲ್ಲದು. ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲೇ ಇದಕ್ಕೆ ಹೆಸರಿಟ್ಟಿದ್ದ. ನಮ್ಮ ಲೇಔಟಿನ ಎಷ್ಟೋ ಸೈಟುಗಳಿಗೆ ಇನ್ನೂ ಎ-ಖಾತೆ ಆಗಿಲ್ಲ!

“ಇದು ಆರ್ಕಿಡ್ಡಾ?” ಎಂದು ಅಮ್ಮ ನಂಬಲಿಲ್ಲ. ಸಕಲೇಶಪುರದ ಕಡೆಯವರಾದ ಅವರಿಗೆ ಆರ್ಕಿಡ್ ಎಂದರೆ ಸೀತಾಳೆ ದಂಡೆ. ಮುಂಗಾರಿನ ಹೊತ್ತಿಗೆ ಮರದ ಕೊಂಬೆಯಿಂದ ಜಡೆಯಂತೆ ಇಳಿಬೀಳುವ ನಸುಗೆಂಪು ಗೊಂಚಲು. ಅದನ್ನು ಅವರ ಅಕ್ಕಂದಿರು ಮುಡಿಯುತ್ತಿದ್ದರು. “ಇದನ್ನ ಮುಡಿಯೋಕೆ ಇರುವೆಗೇ ಸರಿ” ಎಂದರು. ನಕ್ಕರು, ಆದರೆ ಆಮೇಲೆ ಬಹಳ ಹೊತ್ತು ಊರಿನ ಮರಗಳ ಮಾತನ್ನೇ ಆಡಿದರು.

ನಮ್ಮಲ್ಲಿಗೆ ಇದು ಬಂದದ್ದು ಬಹುಶಃ ಲಾರಿಯಲ್ಲಿ, ನರ್ಸರಿಯಿಂದ ತಂದು ಹಾಸಿದ ಹುಲ್ಲಿನ ಜೊತೆ. ಇದರ ಬೀಜವೆಂದರೆ ಬರೀ ಧೂಳು. ಒಳಗೆ ಬುತ್ತಿಯಿಲ್ಲ, ಮಣ್ಣಿನ ಶಿಲೀಂಧ್ರ ಉಣಿಸಿದರೆ ಮಾತ್ರ ಮೊಳಕೆ. ಪರಾಗಸ್ಪರ್ಶ ಆಗದೆಯೂ ಕಾಯಿ ಕಟ್ಟುತ್ತದೆ, ಮ್ಯಾಟ್ರಿಮೊನಿಯ ಹಂಗಿಲ್ಲ. ಹೀಗೆ ಅಲೆಯುತ್ತಲೇ ಅಮೆರಿಕದ ಫ್ಲೋರಿಡಾ ಸೇರಿ, 1936ರಲ್ಲಿ ಅಲ್ಲಿ ಮೊದಲ ಸಲ ಕಣ್ಣಿಗೆ ಬಿತ್ತು. ವೀಸಾ, ಸ್ಟ್ಯಾಂಪಿಂಗ್ ಎಂದು ನಾವು ಒದ್ದಾಡುವ ಊರಿಗೆ ಅದು ಸದ್ದಿಲ್ಲದೆ ಹೋಗಿ ನೆಲೆಸಿತು.

ಆದರೆ ಇಲ್ಲಿ ಅದು ವಲಸೆಗಾರನಲ್ಲ. ತೇವದ ಹುಲ್ಲುಗಾವಲು, ಗದ್ದೆಯ ಬದು ಇದರ ತವರು. ನಮ್ಮ ಲೇಔಟು ಕೂಡ ಒಂದು ಕಾಲಕ್ಕೆ ಕೆರೆಯ ಕೆಳಗಿನ ಗದ್ದೆಯೇ. ಗದ್ದೆಗೆ ಮಣ್ಣು ತುಂಬಿ, ಸೈಟು ಮಾಡಿ, ಬೇರೆಲ್ಲಿಂದಲೋ ಹುಲ್ಲು ತಂದು ಹಾಸಿದವರು ನಾವು. ಇಲ್ಲಿ ದಾಖಲೆ ಕೇಳುವ ಹಕ್ಕಿದ್ದರೆ ಅದು ಆ ಗಿಡಕ್ಕೆ.

ಕಾಯಿ ಒಡೆದರೆ ಗಿಡ ಒಣಗುತ್ತದೆ. ಕುಂಡಕ್ಕೆ ಕಿತ್ತಿಟ್ಟರೆ ಉಳಿಯುವ ಭರವಸೆಯಿಲ್ಲ. ಹಾಗಾಗಿ ಇದು ಹೂ ಬಿಡುವ ಡಿಸೆಂಬರಿನಿಂದ ಫೆಬ್ರುವರಿವರೆಗೆ ಹುಲ್ಲಿಗೆ ಮೆಷಿನ್ ಹಚ್ಚುವ ಮುಂಚೆ ಒಮ್ಮೆ ಬಗ್ಗಿ ನೋಡಿ. ಕಂಡರೆ ಆ ಮೂಲೆಯನ್ನು ಹಾಗೇ ಬಿಡಿ. ಮಾಲಿಗೂ ಒಂದು ಮಾತು ಹೇಳಿಡಿ.