ಸೌಂಡ್ ಕರಕರ ಅಂದ್ರೆ ಸ್ಪೀಕರೇ ಹೋಗಿರ್ಬೇಕಾ? (ಭಾಗ 4)

ಲಿನಕ್ಸ್ ಹಾಕಿರೋ ಹಳೇ ಲ್ಯಾಪ್‌ಟಾಪಲ್ಲಿ ಪಾಠದ ವಿಡಿಯೋ ಕರಕರ ಅಂತಿದ್ಯಾ? ಮೊದ್ಲು ಇಯರ್‌ಫೋನ್ ಹಾಕಿ ಕೇಳಿ. ಅದ್ರಲ್ಲೂ ಹಂಗೇ ಇದ್ರೆ ತಪ್ಪು ಬಹುಶಃ ಸ್ಪೀಕರ್‌ದಲ್ಲ.

ನಮ್ಮ ಲಕ್ಕವಳ್ಳಿ ಡ್ಯಾಮನ್ನೇ ನೆನೆಸ್ಕೊಳ್ಳಿ. ಮಳೆ ಯಾವಾಗ್ಲೋ ಬರುತ್ತೆ, ನಾಲೆಗೆ ಮಾತ್ರ ಭದ್ರಾ ನೀರು ಒಂದೇ ಸಮ ಹೋಗ್ಬೇಕು. ಅದಕ್ಕೇ ನಡುವೆ ಡ್ಯಾಮ್. ಲಿನಕ್ಸ್ ಸೌಂಡಿಗೆ ಆ ಡ್ಯಾಮ್ ಅಂದ್ರೆ ಬಫರ್. ಅದನ್ನ ನೋಡ್ಕೊಳ್ಳೋದು ಸೌಂಡ್ ಸರ್ವರ್. ಮುಂಚೆ ಪಲ್ಸ್‌ಆಡಿಯೋ ಇತ್ತು, ಫೆಡೋರಾದಲ್ಲಿ 2021ರಿಂದ, ಉಬುಂಟುನಲ್ಲಿ 22.10ರಿಂದ ಪೈಪ್‌ವೈರ್. ಪ್ರೊಸೆಸರ್ ಟೈಮಿಗೆ ತುಂಬಿಸದೆ ಬಫರ್ ಬರಿದಾದ್ರೆ ಶಬ್ದ ತುಂಡಾಗುತ್ತೆ. ಅದೇ ಕರಕರ.

ಟರ್ಮಿನಲಲ್ಲಿ ಪಿಡಬ್ಲ್ಯೂ-ಟಾಪ್ ಓಡಿಸಿ. ಇಆರ್‌ಆರ್ ಕಾಲಂನ ಸಂಖ್ಯೆ ಏರ್ತಾನೇ ಇದ್ರೆ ಇದೇ ಕಾರಣ. ಕ್ವಾಂಟಮ್ 256 ಥರ ಚಿಕ್ಕದಿದ್ರೆ 1024 ಮಾಡಿ. 48,000 ಹರ್ಟ್ಸ್‌ನಲ್ಲಿ ಅದು ಸುಮಾರು 21 ಮಿಲಿಸೆಕೆಂಡ್. ಪಾಠ ಕೇಳೋಕೆ ಅಷ್ಟು ತಡ ಗೊತ್ತೇ ಆಗಲ್ಲ.

ಸಂಖ್ಯೆ ಏರದೆ, ಜೋರು ದನಿ ಬಂದಾಗ ಮಾತ್ರ ಒಡೆದ್ರೆ? ವಾಲ್ಯೂಮ್ 100% ದಾಟಿದ್ಯಾ ನೋಡಿ, ಇಳಿಸಿ.

ಮನೆಗೆ ಅಡಿಕೆ ದುಡ್ಡು ಬರೋದು ವರ್ಷಕ್ಕೊಂದ್ಸಲ. ಹೊಸ ಲ್ಯಾಪ್‌ಟಾಪ್ ಕೊಡ್ಸಿ ಅನ್ನೋ ಮುಂಚೆ ಇದಕ್ಕೊಂದು ಹತ್ತು ನಿಮಿಷ ಕೊಡಿ. ಯಾರದ್ದಾದ್ರೂ ಸರಿಹೋಗ್ಲಿಲ್ಲ ಅಂದ್ರೆ ಇಆರ್‌ಆರ್ ಎಷ್ಟಿದೆ ಅಂತ ಕಾಮೆಂಟ್ ಹಾಕಿ, ಒಟ್ಟಿಗೆ ನೋಡೋಣ.